ಎದೆಯೊಳಗಿನ ಬ್ಯಾಟರಿ ಚಾರ್ಜ್ ಆಗದಿದ್ದರೆ ಗೋಡೆಯಿಂದ ಹುಡುಕುತ್ತಾ ಬನ್ನಿ

ಚಾರ್ಜರ್ ಬೀಪ್ ಬೀಪ್ ಅಂತ ಕೂಗುತ್ತಲೇ ಇದೆ. ಅತ್ತೆ ಈಸಿಚೇರಿನಲ್ಲಿ ಒರಗಿ ಕೂತು ನನ್ನ ಮುಖ ನೋಡುತ್ತಿದ್ದಾರೆ. ಹೊರಗೆ ಜೋರು ಮಳೆ. "ಏನಾಯ್ತು ಮಗಳೇ, ಒಳಗಿದ್ದದ್ದು ಹಾಳಾಯ್ತಾ?" ಅಂತ ಕೇಳುತ್ತಾರೆ.

ಪಾರ್ಕಿನ್ಸನ್ ಕಾಯಿಲೆಗೆ ಡಿಬಿಎಸ್ (ಮೆದುಳಿಗೆ ತಂತಿ ಇಟ್ಟು ಕರೆಂಟಿನ ಮಿಡಿತ ಕೊಡುವ) ಆಪರೇಷನ್ ಮಾಡಿಸಿ, ಚಾರ್ಜ್ ಮಾಡುವಂಥ ಬ್ಯಾಟರಿ ಹಾಕಿಸಿಕೊಂಡವರ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಅನುಭವದಲ್ಲಿ ಹೆಚ್ಚಿನ ಸಲ ಒಳಗಿನ ಯಂತ್ರ ಸರಿಯಾಗಿಯೇ ಇತ್ತು. ತೊಂದರೆ ಇದ್ದದ್ದು ಹೊರಗೆ. ಆದರೆ ಎಲ್ಲಿ ಅಂತ ಒಂದು ಕ್ರಮದಲ್ಲಿ ಹುಡುಕದಿದ್ದರೆ ಸುಮ್ನೆ ಗಾಬರಿ.

ನಾವಿರುವುದು ಕಾಸರಗೋಡಿನ ಪೆರ್ಲದ ಹತ್ತಿರ, ಅಡಿಕೆ ತೋಟದ ನಡುವೆ. ತೋರಿಸುವ ಆಸ್ಪತ್ರೆ ಮಂಗಳೂರಿನಲ್ಲಿ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಹೊತ್ತಲ್ಲಿ ಕೇರಳ ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿತು, ಆಚೆ ಹೋಗುವ ದಾರಿಗಳಿಗೆ ಮಣ್ಣು ಸುರಿದರು. ಆಗ ಅತ್ತೆಗೆ ಆಪರೇಷನ್ ಆಗಿ ಐದು ತಿಂಗಳಷ್ಟೇ ಆಗಿತ್ತು. ಚಾರ್ಜ್ ಆಗದಿದ್ದರೆ ಕಾರು ಹತ್ತಿ ಹೋಗುವ ಹಾಗೇ ಇರಲಿಲ್ಲ. ಫೋನಿನಲ್ಲಿ ಕೇಳಿ ಕೇಳಿ, ನೋಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಯಂತ್ರದ ಮಾದರಿ ಬೇರೆ ಇರಬಹುದು, ದೀಪದ ಬಣ್ಣ, ಬೀಪ್ ಶಬ್ದ ಬೇರೆ ಇರಬಹುದು. ಅದಕ್ಕೆ ನಿಮ್ಮ ಯಂತ್ರದ ಜೊತೆ ಬಂದ ಪುಸ್ತಕವೇ ಸರಿ. ಹುಡುಕುವ ದಾರಿ ಮಾತ್ರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ.

ಒಳಗೆ ಏನಿದೆ

ಮೆದುಳಿನೊಳಗೆ ಎರಡು ಸಪೂರ ತಂತಿಗಳು. ಅವು ಕಿವಿಯ ಹಿಂದಿನಿಂದ ಕುತ್ತಿಗೆಯ ಚರ್ಮದ ಅಡಿಯಲ್ಲಿ ಇಳಿದು, ಎದೆಯ ಮೇಲ್ಭಾಗದಲ್ಲಿ ಕಾಲರ್ ಮೂಳೆಯ ಕೆಳಗಿರುವ ಒಂದು ಸಣ್ಣ ಡಬ್ಬಿಗೆ ಸೇರುತ್ತವೆ. ಬೆಂಕಿಪೆಟ್ಟಿಗೆಗಿಂತ ತುಸು ಅಗಲ, ಅಷ್ಟೆ. ನಮ್ಮ ಮನೆಯಲ್ಲಿ ಅದಕ್ಕೆ ಡಬ್ಬಿ ಅಂತಲೇ ಹೆಸರು. ಡಬ್ಬಿ ಕಳಿಸುವ ಕರೆಂಟಿನ ಮಿಡಿತದಿಂದ ನಡುಕ, ಬಿಗಿತ ಹಿಡಿತಕ್ಕೆ ಬರುತ್ತದೆ. ಫ್ರಾನ್ಸಿನ ಗ್ರನೋಬಲ್‌ನಲ್ಲಿ ಬೆನಾಬಿದ್ ಎಂಬ ಡಾಕ್ಟರು 1987ರಲ್ಲಿ ಕಂಡುಕೊಂಡ ದಾರಿ ಇದು.

ಡಬ್ಬಿಯಲ್ಲಿ ಎರಡು ಬಗೆ. ಒಂದಕ್ಕೆ ಚಾರ್ಜ್ ಬೇಡ, ಆದರೆ ಸುಮಾರು ಮೂರರಿಂದ ಐದು ವರ್ಷಕ್ಕೆ ಮತ್ತೆ ಆಪರೇಷನ್ ಮಾಡಿ ಬದಲಿಸಬೇಕು. ಇನ್ನೊಂದು ಚಾರ್ಜ್ ಮಾಡುವಂಥದ್ದು. ಈಗಿನ ಹಲವು ಮಾದರಿಗಳು 15 ವರ್ಷ ಬಾಳುತ್ತವೆ. ಚಾರ್ಜ್ ಮಾಡುವುದಕ್ಕೆ ವಯರು ಚುಚ್ಚಲಿಕ್ಕಿಲ್ಲ. ಚಾರ್ಜರಿನ ಒಳಗೊಂದು ತಂತಿಯ ಸುರುಳಿ, ಡಬ್ಬಿಯೊಳಗೊಂದು ಸುರುಳಿ. ಹೊರಗಿನ ಸುರುಳಿಯಲ್ಲಿ ಏರಿಳಿಯುವ ಕರೆಂಟು ಹರಿದರೆ ಒಳಗಿನ ಸುರುಳಿಯಲ್ಲೂ ಕರೆಂಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿಷಯವೇ ಇದು. ಗದ್ದೆ ಬದಿಯಲ್ಲಿ ನಿಂತಿರುವ ಟ್ರಾನ್ಸ್‌ಫಾರ್ಮರಿನ ಒಳಗೂ ಇದೇ ಕೆಲಸ ನಡೆಯುವುದು. ಟ್ರಾನ್ಸ್‌ಫಾರ್ಮರಿನಲ್ಲಿ ಎರಡು ಸುರುಳಿಗಳನ್ನು ಒಂದೇ ಕಬ್ಬಿಣಕ್ಕೆ ಸುತ್ತಿರುತ್ತಾರೆ. ಇಲ್ಲಿ ನಡುವೆ ಚರ್ಮ ಇದೆ, ಕೊಬ್ಬು ಇದೆ, ರವಿಕೆ ಇದೆ. ಎರಡೂ ಸುರುಳಿ ಎದುರುಬದುರು, ಹತ್ತಿರ ಹತ್ತಿರ ಇದ್ದರೆ ಮಾತ್ರ ಕರೆಂಟು ದಾಟುತ್ತದೆ. ಒಂದು ಸೆಂಟಿಮೀಟರ್ ಸರಿದರೂ ತುಂಬಾ ವ್ಯತ್ಯಾಸ ಆಗುತ್ತದೆ.

ಮೊದಲು ಕೇಳಬೇಕಾದ್ದು: ಇದು ಚಾರ್ಜಿನ ತೊಂದರೆಯೇ?

ಕೈ ನಡುಗಿದ ಕೂಡಲೇ ಬ್ಯಾಟರಿ ಅಂತ ಓಡಬೇಡಿ. ಡಬ್ಬಿಯ ಜೊತೆ ಕೊಟ್ಟಿರುವ ರಿಮೋಟ್ ತೆಗೆದು ಎರಡು ವಿಷಯ ನೋಡಿ. ಯಂತ್ರ ಆನ್ ಇದೆಯಾ? ಬ್ಯಾಟರಿ ಎಷ್ಟಿದೆ?

ಬ್ಯಾಟರಿ ಇದೆ, ಯಂತ್ರ ಆಫ್ ಆಗಿದೆ ಅಂತಾದರೆ ಚಾರ್ಜಿನ ದೋಷ ಅಲ್ಲ. ಜೋರಾದ ಅಯಸ್ಕಾಂತ ಹತ್ತಿರ ಬಂದಿರಬಹುದು, ಬಟನ್ ತಪ್ಪಿ ಒತ್ತಿರಬಹುದು. ಡಾಕ್ಟರು ಹೇಳಿಕೊಟ್ಟ ಹಾಗೆ ಆನ್ ಮಾಡಿ. ಯಂತ್ರ ಆನ್ ಇದೆ, ಬ್ಯಾಟರಿಯೂ ಇದೆ, ಆದರೂ ನಡುಕ ಅಂತಾದರೆ ಗಡಿಯಾರ ನೋಡಿ. ಮಾತ್ರೆಯ ಹೊತ್ತಿಗೆ ಸ್ವಲ್ಪ ಮುಂಚೆ ಶುರುವಾಗಿ, ಮಾತ್ರೆ ತಗೊಂಡ ಮೇಲೆ ಕಡಿಮೆಯಾದರೆ ಅದು ಮಾತ್ರೆಯ ಲೆಕ್ಕ. ಜ್ವರ, ಮೂತ್ರದ ಸೋಂಕು, ಮಲಬದ್ಧತೆ ಇದ್ದರೂ ಪಾರ್ಕಿನ್ಸನ್ ಜಾಸ್ತಿಯಾದ ಹಾಗೆ ಕಾಣುತ್ತದೆ.

ಇನ್ನೊಂದು ಸುಳಿವು. ಎರಡೂ ಬದಿಗೆ ಒಂದೇ ಡಬ್ಬಿ ಇದ್ದವರಿಗೆ ಬ್ಯಾಟರಿ ಮುಗಿದರೆ ಎರಡೂ ಬದಿ ಕೆಡುತ್ತದೆ. ಬಲಗೈ ಮಾತ್ರ ಕೆಟ್ಟು ಎಡಗೈ ಸರಿ ಇದ್ದರೆ ತಂತಿಯ ಬಗ್ಗೆಯೋ ಸೆಟ್ಟಿಂಗಿನ ಬಗ್ಗೆಯೋ ಡಾಕ್ಟರಿಗೆ ಹೇಳಬೇಕು. ಮೆದುಳಿನ ಎಡಬದಿಯ ತಂತಿ ಬಲಗೈಯನ್ನು ನೋಡಿಕೊಳ್ಳುತ್ತದೆ, ಬಲಬದಿಯದ್ದು ಎಡಗೈಯನ್ನು.

ಗೋಡೆ ಮತ್ತು ಸ್ಟ್ಯಾಂಡು

ಚಾರ್ಜರಿಗೂ ತನ್ನದೇ ಒಂದು ಬ್ಯಾಟರಿ ಇದೆ. ಅದನ್ನು ಸ್ಟ್ಯಾಂಡಿನಲ್ಲಿ ಇಟ್ಟು ಮೊದಲು ತುಂಬಿಸಬೇಕು, ಆಮೇಲೆ ಎದೆಗೆ. ಹಾಗಾಗಿ ಚಾರ್ಜರ್ ಆನೇ ಆಗುತ್ತಿಲ್ಲ ಅಂದರೆ ಎದೆಯ ಕಡೆ ನೋಡಲೇಬೇಡಿ, ಗೋಡೆ ನೋಡಿ. ಅದೇ ಪ್ಲಗ್ಗಿಗೆ ಮೊಬೈಲ್ ಚಾರ್ಜರ್ ಹಾಕಿ. ಮೊಬೈಲೂ ಚಾರ್ಜ್ ಆಗದಿದ್ದರೆ ಪ್ಲಗ್ ಕೆಟ್ಟಿದೆ ಅಥವಾ ಕರೆಂಟೇ ಇಲ್ಲ. ಹಳೇ ಮನೆಯ ಸ್ವಿಚ್ ಬೋರ್ಡುಗಳಲ್ಲಿ ಪಿನ್ನು ಸಡಿಲ ಇರುತ್ತದೆ, ಇರುವೆ ಗೂಡು ಕಟ್ಟಿರುತ್ತದೆ. ನಮ್ಮ ಚಾವಡಿಯ ಪ್ಲಗ್ಗಿನಲ್ಲಿ ಇರುವೆಯೇ ಇತ್ತು.

ಮೊಬೈಲ್ ಚಾರ್ಜ್ ಆಗುತ್ತದೆ, ಚಾರ್ಜರ್ ಮಾತ್ರ ಸ್ಟ್ಯಾಂಡಿನಲ್ಲಿ ತುಂಬುತ್ತಿಲ್ಲ ಅಂತಾದರೆ ಅದು ತಾಗುವ ಜಾಗ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಆ ಸಣ್ಣ ಲೋಹದ ಚುಕ್ಕಿಗಳಿಗೆ ಹಿಡಿಯದೇ ಇರುತ್ತದಾ? ಪಿನ್ನು ತೆಗೆದಿಟ್ಟು, ಒಣ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ. ಚಾಕು, ಸ್ಯಾಂಡ್‌ಪೇಪರ್ ಬೇಡ. ಬೇರೆ ಯಾವುದೋ ಅಡಾಪ್ಟರ್ ಚುಚ್ಚಿ ನೋಡುವುದೂ ಬೇಡ, ಪಿನ್ನು ಸರಿಹೊಂದಿದರೂ ಬೇಡ. ಸಿಡಿಲು ಶುರುವಾದರೆ ಸ್ಟ್ಯಾಂಡಿನ ಪ್ಲಗ್ ಎಳೆದಿಡಿ.

ಇನ್ವರ್ಟರ್ ಇದ್ದರೆ ಅದರ ಲೈನಿಗೆ ಸೇರಿದ ಪ್ಲಗ್ಗನ್ನೇ ಇದಕ್ಕೆ ಮೀಸಲಿಡಿ. ಕರೆಂಟ್ ಹೋದರೆ ಕೇರಳದ ವಿದ್ಯುತ್ ಮಂಡಳಿ ಕೆಎಸ್‌ಇಬಿಯ 1912ಕ್ಕೆ ಫೋನ್ ಮಾಡಿ, ಮನೆಯಲ್ಲಿ ಇಂಥ ರೋಗಿ ಇದ್ದಾರೆ ಅಂತ ಹೇಳಿ. ಮಲಯಾಳ ಬಾರದಿದ್ದರೆ ಬರುವವರ ಹತ್ತಿರ ಮೊದಲೇ ಎರಡು ವಾಕ್ಯ ಬರೆಸಿಟ್ಟುಕೊಳ್ಳಿ.

ನಡುವಿನ ಒಂದು ಬೆರಳ ಜಾಗ

ಹೆಚ್ಚಿನ ತೊಂದರೆ ಇರುವುದು ಇಲ್ಲೇ. ಚಾರ್ಜರ್ ಸರಿ ಇದೆ, ಡಬ್ಬಿಯೂ ಸರಿ ಇದೆ, ಎರಡೂ ಒಂದಕ್ಕೊಂದು ಸಿಗುತ್ತಿಲ್ಲ. ನಮ್ಮದು ಹುಡುಕುವಾಗ ಬೀಪ್ ಅನ್ನುತ್ತದೆ, ಸಿಕ್ಕಿದ ಮೇಲೆ ಸುಮ್ಮನಾಗುತ್ತದೆ. ಕೆಲವು ಮಾದರಿಗಳಲ್ಲಿ ಸ್ಕ್ರೀನಿನ ಮೇಲೆ ಗೆರೆಗಳು ಜಾಸ್ತಿ ಆಗುತ್ತವೆ.

ನಾನು ಮಾಡುವುದು ಹೀಗೆ. ಅತ್ತೆಯನ್ನು ಈಸಿಚೇರಿನಲ್ಲಿ ಹಿಂದೆ ಒರಗಿ ಕೂರಿಸುತ್ತೇನೆ. ಮುಂದೆ ಬಾಗಿ ಕೂತರೆ ಅಲ್ಲಿ ಚರ್ಮ ಮಡಿಚುತ್ತದೆ, ಡಬ್ಬಿ ಒಳಗೆ ಹೋದ ಹಾಗೆ ಆಗುತ್ತದೆ. ಮೊದಲು ಬರಿಗೈಯ ಎರಡು ಬೆರಳಲ್ಲಿ ಡಬ್ಬಿಯ ಅಂಚು ಹುಡುಕುತ್ತೇನೆ. ಮೇಲಿನ ಅಂಚು, ಬದಿಯ ಅಂಚು, ಕೆಳಗಿನದು. ಒತ್ತುವುದಿಲ್ಲ, ಸವರುವುದಷ್ಟೇ. ನಡು ಎಲ್ಲಿ ಅಂತ ಗೊತ್ತಾದ ಮೇಲೆ ಅಲ್ಲಿ ಬೆರಳು ಇಟ್ಟುಕೊಂಡೇ ಇನ್ನೊಂದು ಕೈಯಲ್ಲಿ ಚಾರ್ಜರ್ ತರುತ್ತೇನೆ. ಬೆರಳು ತೆಗೆಯುವುದು, ಚಾರ್ಜರ್ ಇಡುವುದು. ಬೀಪ್ ನಿಲ್ಲದಿದ್ದರೆ ಒಂದು ಬೆರಳ ಅಗಲ ಮೇಲೆ, ಆಮೇಲೆ ಕೆಳಗೆ, ಆಮೇಲೆ ಎಡಕ್ಕೆ, ಬಲಕ್ಕೆ. ಪ್ರತಿ ಸಲ ಎರಡು ಮೂರು ಕ್ಷಣ ನಿಲ್ಲಬೇಕು. ಗಡಿಬಿಡಿಯಲ್ಲಿ ಸರಿಸುತ್ತಾ ಹೋದರೆ ಅದಕ್ಕೆ ಹುಡುಕಲು ಸಮಯವೇ ಸಿಗುವುದಿಲ್ಲ. ಮೊದಲ ತಿಂಗಳು ನಾನು ಮಾಡಿದ ತಪ್ಪು ಅದೇ.

ಇಷ್ಟು ಮಾಡಿದರೂ ಸಿಗದಿದ್ದರೆ ನಡುವೆ ಏನಿದೆ ನೋಡಿ. ಒಂದು ಭಾನುವಾರ ಅರ್ಧ ಗಂಟೆ ಹುಡುಕಿದರೂ ಚಾರ್ಜರ್ ನಿಲ್ಲುತ್ತಿತ್ತು, ಮತ್ತೆ ಕೂಗುತ್ತಿತ್ತು. ಕೊನೆಗೆ ನೋಡಿದರೆ ಅತ್ತೆಯ ಕರಿಮಣಿ ಸರದ ಚಿನ್ನದ ತಾಳಿ ಸರಿದು ಬಂದು ಸರಿಯಾಗಿ ಚಾರ್ಜರಿನ ಅಡಿಗೆ ಕೂತಿತ್ತು. ಮುಟ್ಟಿದರೆ ಬೆಚ್ಚಗೆ. ಎರಡು ಸುರುಳಿಯ ನಡುವೆ ಲೋಹ ಬಂದರೆ ಡಬ್ಬಿಗೆ ಹೋಗಬೇಕಾದ ಶಕ್ತಿಯನ್ನು ಅದೇ ಕುಡಿಯುತ್ತದೆ, ಬಿಸಿಯಾಗುತ್ತದೆ. ಸರ ತೆಗೆಯಲು ಅತ್ತೆಗೆ ಮನಸ್ಸಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಈಗ ಚಾರ್ಜಿನ ಹೊತ್ತಿಗೆ ಸರವನ್ನು ಬೆನ್ನಿನ ಕಡೆಗೆ ತಿರುಗಿಸಿ ಹಾಕಿಕೊಳ್ಳುತ್ತಾರೆ. ಸೀರೆಯ ಸೆರಗಿಗೆ ಹಾಕಿದ ಸೇಫ್ಟಿ ಪಿನ್ನು ತೆಗೆಯುವುದನ್ನೂ ಮರೆಯಬೇಡಿ. ತೆಳು ಹತ್ತಿ ರವಿಕೆ ಇರಲಿ, ತೊಂದರೆ ಇಲ್ಲ. ಬರಿ ಚರ್ಮದ ಮೇಲೆ ನೇರ ಇಡುವುದಕ್ಕಿಂತ ಅದೇ ಒಳ್ಳೆಯದು. ದಪ್ಪ ಶಾಲು, ಸ್ವೆಟರ್ ಬೇಡ.

ಆಪರೇಷನ್ ಆದ ಹೊಸತರಲ್ಲಿ ಆ ಜಾಗ ಬಾತುಕೊಂಡಿರುತ್ತದೆ, ಆಗ ಸಿಗುವುದು ಕಷ್ಟ. ಬಾವು ಇಳಿದ ಹಾಗೆ ಸುಲಭವಾಗುತ್ತದೆ. ಮೈ ತುಂಬಿಕೊಂಡರೆ ಮತ್ತೆ ಸ್ವಲ್ಪ ಕಷ್ಟವಾಗುತ್ತದೆ.

ಅರ್ಧದಲ್ಲಿ ನಿಂತುಹೋಗುವುದು ಬೇರೆ ವಿಷಯ. ಚಾರ್ಜರನ್ನು ಹಿಡಿದಿಡಲು ಕುತ್ತಿಗೆಗೆ ಹಾಕುವ ಪಟ್ಟಿ ಜಾರಿದರೆ, ತೂಕಡಿಸಿ ಒಂದು ಬದಿಗೆ ವಾಲಿದರೆ ಹೀಗಾಗುತ್ತದೆ. ಇನ್ನೊಂದು ಕಾರಣ ಬಿಸಿ. ಚಾರ್ಜ್ ಆಗುವಾಗ ಬೆಚ್ಚಗಾಗುವುದು ಸಹಜ. ಏಪ್ರಿಲ್ ಮೇ ಸೆಕೆಯಲ್ಲಿ ಅದು ಇನ್ನೂ ಜಾಸ್ತಿ. ಚಾರ್ಜರ್ ತೀರಾ ಬಿಸಿಯಾದರೆ ತಾನೇ ನಿಲ್ಲಿಸುತ್ತದೆ. ಫ್ಯಾನ್ ಅಡಿಯಲ್ಲಿ ಕೂರಿಸಿ, ಅಥವಾ ಬೆಳಗ್ಗೆ ತಂಪು ಹೊತ್ತಲ್ಲಿ ಮಾಡಿ. ಮಲಗಿ ನಿದ್ದೆ ಮಾಡುವಾಗ ಮಾತ್ರ ಚಾರ್ಜ್ ಮಾಡಲೇಬಾರದು. ಸುಟ್ಟರೂ ಗೊತ್ತಾಗುವುದಿಲ್ಲ. ಚರ್ಮ ಉರಿ ಅಂದರೆ, ಕೆಂಪಾಗಿ ಹಾಗೇ ಉಳಿದರೆ, ಗುಳ್ಳೆ ಬಂದರೆ ಆ ಕ್ಷಣವೇ ತೆಗೆದು ಡಾಕ್ಟರಿಗೆ ಹೇಳಿ.

ಬೇಗ ಖಾಲಿಯಾಗುತ್ತದಾ, ನಿಧಾನ ತುಂಬುತ್ತದಾ?

"ಚಾರ್ಜ್ ನಿಲ್ತಾ ಇಲ್ಲ" ಅಂತ ಒಂದೇ ಮಾತಿನಲ್ಲಿ ಹೇಳುತ್ತೇವೆ. ಆದರೆ ಇವು ಎರಡು ಬೇರೆ ಬೇರೆ ದೋಷ. ಬೇರ್ಪಡಿಸಲು ನನಗೆ ಸಹಾಯ ಮಾಡಿದ್ದು ಅಡುಗೆಮನೆ ಗೋಡೆಯ ಕ್ಯಾಲೆಂಡರ್. ಅತ್ತೆಗೆ ಬುಧವಾರ, ಭಾನುವಾರ ಚಾರ್ಜ್. ಆ ದಿನದ ಚೌಕದೊಳಗೆ, ಏಕಾದಶಿ ಅಂತ ಅಚ್ಚಾದ ಅಕ್ಷರದ ಕೆಳಗೆ, ಪೆನ್ಸಿಲಿನಲ್ಲಿ ಬರೆಯುತ್ತೇನೆ: "2.10ರಿಂದ 3.35. ಅರ್ಧ ಇತ್ತು, ಪೂರ್ತಿ ಆಯ್ತು."

ಒಂದು ಸಲ ಬುಧವಾರಕ್ಕೆ ಅರ್ಧ ಇರಬೇಕಾದ ಬ್ಯಾಟರಿ ಕಾಲು ಭಾಗಕ್ಕೆ ಇಳಿದಿತ್ತು. ಎರಡು ಮೂರು ವಾರ ಹಾಗೇ ಆಯಿತು. ಕ್ಯಾಲೆಂಡರ್ ಹಿಂದೆ ತಿರುಗಿಸಿ ನೋಡಿದೆ. ಅದಕ್ಕೆ ಸ್ವಲ್ಪ ಮುಂಚೆ ಡಾಕ್ಟರು ಸೆಟ್ಟಿಂಗ್ ಜಾಸ್ತಿ ಮಾಡಿದ್ದರು. ಮಿಡಿತ ಜೋರಾದರೆ ಬ್ಯಾಟರಿ ಬೇಗ ಖರ್ಚಾಗುತ್ತದೆ. ಇದು ದೋಷವೇ ಅಲ್ಲ, ವಾರಕ್ಕೆ ಇನ್ನೊಂದು ಸಲ ಚಾರ್ಜ್ ಮಾಡಿದರೆ ಆಯಿತು. ಸೆಟ್ಟಿಂಗ್ ಬದಲಿಸಿದ ದಿನ "ಇನ್ನು ಎಷ್ಟು ದಿನಕ್ಕೊಮ್ಮೆ ಚಾರ್ಜ್ ಮಾಡಬೇಕು ಡಾಕ್ಟ್ರೇ?" ಅಂತ ಕೇಳಿ ಬನ್ನಿ.

ಇನ್ನೊಂದು ಸಲ ಖಾಲಿಯಾಗುವುದು ಮೊದಲಿನ ಹಾಗೇ, ತುಂಬಲು ಮಾತ್ರ ಒಂದೂವರೆ ಗಂಟೆ ಬದಲು ಎರಡೂವರೆ ಗಂಟೆ. ಅದು ಡಬ್ಬಿಯ ಖರ್ಚಿನ ವಿಷಯ ಅಲ್ಲ, ನಡುವಿನ ಜಾಗದ ವಿಷಯ. ಚಾರ್ಜರ್ ಇಡುವ ಚೀಲದ ಪಟ್ಟಿಯ ಹೊಲಿಗೆ ಬಿಟ್ಟು ಒಂದಿಂಚು ಕೆಳಗೆ ಜೋತುಬಿದ್ದಿತ್ತು. ಸಿಗುತ್ತಿತ್ತು, ಆದರೆ ಅರ್ಧಂಬರ್ಧ. ಹೊಲಿದ ಮೇಲೆ ಮೊದಲಿನ ಹಾಗೇ ಆಯಿತು.

ಸೆಟ್ಟಿಂಗ್ ಬದಲಿಸಿಲ್ಲ, ಆದರೂ ಬೇಗ ಖಾಲಿಯಾಗುತ್ತಿದೆ ಅಂತಾದರೆ ಮನೆಯಲ್ಲಿ ಹುಡುಕುವುದು ಮುಗಿಯಿತು. ಆಸ್ಪತ್ರೆಗೆ ಫೋನ್ ಮಾಡಿ.

ಪೂರ್ತಿ ಖಾಲಿಯಾದರೆ

ಒಂದು ಜುಲೈ ತಿಂಗಳು ಗಾಳಿಮಳೆಗೆ ತೆಂಗಿನಮರ ಲೈನಿನ ಮೇಲೆ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ. ಇನ್ವರ್ಟರ್ ಮೊದಲ ರಾತ್ರಿಯೇ ಮುಗಿಯಿತು. ಚಾರ್ಜರನ್ನು ಮುಂಚೆಯೇ ತುಂಬಿಸಿಟ್ಟಿರಲಿಲ್ಲ. ಎರಡನೇ ದಿನ ಮಧ್ಯಾಹ್ನ ಅತ್ತೆಯ ಕೈ ನಡುಕ ಶುರುವಾಯಿತು. ಲೋಟದ ಕಾಫಿ ಸೆರಗಿನ ಮೇಲೆ ಚೆಲ್ಲಿತು. ಸಂಜೆ ಹೊತ್ತಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ನಡುಕ ಬೇಗ ಮರಳುತ್ತದೆ, ಬಿಗಿತ ನಿಧಾನಕ್ಕೆ ಏರುತ್ತದೆ.

ಪೇಟೆಯಲ್ಲಿ ಜನರೇಟರ್ ಇದ್ದ ಪರಿಚಯದವರ ಅಂಗಡಿಗೆ ಹೋಗಿ ಚಾರ್ಜರ್ ತುಂಬಿಸಿ ತಂದೆವು. ಎದೆಗೆ ಇಟ್ಟೆವು. ನಡುಗುವ ಮೈಗೆ ಇಡುವುದೇ ಒಂದು ಸಾಹಸ, ಸರಿದು ಸರಿದು ಹೋಗುತ್ತದೆ. ಪಕ್ಕದಲ್ಲಿ ಕೂತು ಕೈಯಲ್ಲೇ ಹಿಡಿದುಕೊಂಡೆ. ಖಾಲಿಯಾದ ಡಬ್ಬಿ ಕೂಡಲೇ ರಿಮೋಟಿಗೆ ಉತ್ತರ ಕೊಡುವುದಿಲ್ಲ. ಅದನ್ನು ನೋಡಿ ಸತ್ತುಹೋಯಿತು ಅಂತ ಹೆದರಬೇಡಿ. ಸ್ವಲ್ಪ ಹೊತ್ತು ಚಾರ್ಜ್ ಆಗಲಿ, ಆಮೇಲೆ ಮತ್ತೆ ನೋಡಿ. ಒಂದು ಗಂಟೆಯ ಮೇಲೆ ರಿಮೋಟ್ ಬ್ಯಾಟರಿ ತೋರಿಸಿತು. ಆದರೆ ಕೈ ನಡುಗುವುದು ನಿಲ್ಲಲಿಲ್ಲ! ಮತ್ತೆ ಅರ್ಧ ಗಂಟೆ ಕಾದೆವು. ಕೊನೆಗೆ ಫೋನಿನಲ್ಲಿ ಆಸ್ಪತ್ರೆಯವರು ಹೇಳಿದರು: "ಯಂತ್ರ ಆನ್ ಮಾಡಿದ್ರಾ?" ಚಾರ್ಜ್ ಆದ ಮಾತ್ರಕ್ಕೆ ಅದು ತಾನಾಗಿ ಶುರುವಾಗುತ್ತದೆ ಅಂತಿಲ್ಲ. ರಿಮೋಟಿನಲ್ಲಿ ಆನ್ ಮಾಡಬೇಕು. ಒತ್ತಿದೆ. ಸ್ವಲ್ಪ ಹೊತ್ತಲ್ಲಿ ಅತ್ತೆಯ ಬೆರಳುಗಳು ಮಡಿಲಲ್ಲಿ ಸುಮ್ಮನೆ ಮಲಗಿದವು.

ಮತ್ತೆ ಮತ್ತೆ ಪೂರ್ತಿ ಖಾಲಿ ಮಾಡುವುದು ಒಳ್ಳೆಯದಲ್ಲ. ಕೆಲವು ಮಾದರಿಗಳಲ್ಲಿ ತೀರಾ ಆಳಕ್ಕೆ ಇಳಿದ ಬ್ಯಾಟರಿಯನ್ನು ಆಸ್ಪತ್ರೆಯಲ್ಲೇ ಎಬ್ಬಿಸಬೇಕಾಗುತ್ತದೆ. ಈಗ ನಾವು ಜೂನ್ ಬಂದರೆ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದೇ ಇಲ್ಲ.

ಹುಡುಕುವುದು ನಿಲ್ಲಿಸಿ ಹೊರಡಬೇಕಾದ ಹೊತ್ತು

ಯಂತ್ರ ನಿಂತು ಮೈ ಕಟ್ಟಿಗೆಯ ಹಾಗೆ ಬಿಗಿಯಾಗಿದೆ, ಜ್ವರ ಏರುತ್ತಿದೆ, ನುಂಗಲು ಆಗುತ್ತಿಲ್ಲ, ಮಾತು ತಪ್ಪುತ್ತಿದೆ, ಯಾರೆಂದು ಗುರುತು ಸಿಗುತ್ತಿಲ್ಲ. ಇವುಗಳಲ್ಲಿ ಯಾವುದು ಕಂಡರೂ ಚಾರ್ಜರ್ ಹಿಡಿದು ಕೂರಬೇಡಿ, 108ಕ್ಕೆ ಫೋನ್ ಮಾಡಿ. ಯಂತ್ರ ಇದ್ದಕ್ಕಿದ್ದ ಹಾಗೆ ನಿಂತರೆ ಜೀವಕ್ಕೇ ಅಪಾಯ ಆಗುವುದುಂಟು. ಪಾರ್ಕಿನ್ಸನ್ ಮಾತ್ರೆಯನ್ನೂ ನಿಲ್ಲಿಸಬೇಡಿ, ನುಂಗಲಾಗದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಡಬ್ಬಿಯ ಮೇಲಿನ ಚರ್ಮ ಕೆಂಪಾಗಿ ಬಿಸಿಯಾಗಿದ್ದರೆ, ಕೀವು ಬಂದರೆ, ಚರ್ಮ ತೆಳುವಾಗಿ ಹೊಳೆಯುತ್ತಿದ್ದರೆ ಅದು ಸೋಂಕಿನ ಅಥವಾ ಚರ್ಮ ಸವೆಯುತ್ತಿರುವುದರ ಲಕ್ಷಣ ಇರಬಹುದು. ಅಲ್ಲಿ ಚಾರ್ಜರ್ ಇಡಬಾರದು, ಅದೇ ದಿನ ತೋರಿಸಬೇಕು.

ನೆನ್ನೆಯವರೆಗೆ ಸಲೀಸಾಗಿ ಸಿಗುತ್ತಿದ್ದದ್ದು ಇವತ್ತು ಎಲ್ಲಿಟ್ಟರೂ ಸಿಗುತ್ತಿಲ್ಲ, ಬೆರಳಿಗೆ ಡಬ್ಬಿಯ ಆಕಾರವೇ ಬೇರೆ ಅನಿಸುತ್ತಿದೆ ಅಂದರೆ ಅದು ಒಳಗೆ ಮಗುಚಿರಬಹುದು. ಸುರುಳಿ ಇರುವ ಬದಿ ಹಿಂದಕ್ಕೆ ಹೋದರೆ ಚಾರ್ಜ್ ಆಗುವುದಿಲ್ಲ. ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದ ಮೇಲೆ ಹೀಗಾದರೆ ಇನ್ನೂ ಅನುಮಾನ ಪಡಬೇಕು. ಕೆಲವರಿಗೆ ಗೊತ್ತಿಲ್ಲದೆಯೇ ಡಬ್ಬಿಯನ್ನು ಬೆರಳಲ್ಲಿ ತಿರುಗಿಸುವ ಅಭ್ಯಾಸ ಬೀಳುತ್ತದೆ, ಅದರಿಂದಲೂ ಮಗುಚುತ್ತದೆ, ತಂತಿ ಸುತ್ತಿಕೊಳ್ಳುತ್ತದೆ. ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ. ನೀವೇ ಒತ್ತಿ ತಿರುಗಿಸಲು ಹೋಗಬೇಡಿ.

ಹೊರಡುವಾಗ ಚೀಲಕ್ಕೆ ಹಾಕಬೇಕಾದ್ದು: ಚಾರ್ಜರ್, ಸ್ಟ್ಯಾಂಡು, ರಿಮೋಟ್, ಯಂತ್ರದ ಗುರುತಿನ ಕಾರ್ಡ್, ಮಾತ್ರೆಗಳು, ಆ ಕ್ಯಾಲೆಂಡರ್. ಕಾರ್ಡಿನ ಹಿಂದೆ ನಾನು ಕನ್ನಡದಲ್ಲೂ ಮಲಯಾಳದಲ್ಲೂ ಬರೆದು ಅಂಟಿಸಿದ್ದೇನೆ: "ಮೆದುಳಿನಲ್ಲಿ ತಂತಿ, ಎದೆಯಲ್ಲಿ ಯಂತ್ರ ಇದೆ. ಡಯಾಥರ್ಮಿ (ಯಂತ್ರದ ಅಲೆಯಿಂದ ಮೈಯೊಳಗೆ ಕೊಡುವ ಶಾಖ) ಕೊಡಬಾರದು. ಕೇಳದೆ ಎಂಆರ್‌ಐ ಮಾಡಬಾರದು." ಮಂಡಿನೋವಿಗೆ ಹತ್ತಿರದ ಫಿಸಿಯೋಥೆರಪಿಗೆ ಹೋದಾಗಲೂ ಅತ್ತೆ ಮೊದಲು ಕೈಗೆ ಕೊಡುವುದು ಆ ಕಾರ್ಡನ್ನೇ.